ಮುಷ್ಕರ ಮತ್ತು ಮೇಷ್ಟ್ರು: ಜಾನ್ ಡ್ಯೂಯಿ ಕಲಿತ ಪಾಠ

ನಾನು ಅತಿಥಿ ಉಪನ್ಯಾಸಕನಾಗಿದ್ದ ಕಾಲೇಜಿನಲ್ಲಿ ಮುಷ್ಕರದ ಮಾತು ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಒಂಥರಾ ಮುಜುಗರ. ಧರಣಿ ಕೂರೋದು ಕಾರ್ಖಾನೆಯವರ ಕೆಲಸ, ನಾವು ಪಾಠ ಮಾಡೋರು ಅನ್ನೋ ಭಾವನೆ. ತಿಂಗಳುಗಟ್ಟಲೆ ಗೌರವಧನ ಬಾರದಿದ್ದರೂ ಗತ್ತಿಗೇನೂ ಕಮ್ಮಿ ಇರಲಿಲ್ಲ. ಆ ದಿನಗಳಲ್ಲೇ ಜಾನ್ ಡ್ಯೂಯಿಯನ್ನು ಓದತೊಡಗಿದೆ. ಅಂಬೇಡ್ಕರ್ ಅವರ ಗುರು ಎಂಬ ಕಾರಣಕ್ಕೆ ಎತ್ತಿಕೊಂಡೆ; ಸಿಕ್ಕಿದ್ದು ಇದೇ ಮುಜುಗರದ ಜೊತೆ ಗುದ್ದಾಡಿದ ಒಬ್ಬ ಮೇಷ್ಟ್ರು.

1859ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದವರು. ಅಪ್ಪನದು ದಿನಸಿ ವ್ಯಾಪಾರ. 1894ರ ಜುಲೈನಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಕೆಲಸಕ್ಕೆ ಹೊರಟಾಗ ಪುಲ್‌ಮನ್ ರೈಲ್ವೆ ಮುಷ್ಕರ ಉರಿಯುತ್ತಿತ್ತು. ಡ್ಯೂಯಿ ಮನಸ್ಸು ಕಾರ್ಮಿಕರ ಕಡೆಗಿತ್ತು. ಅದನ್ನು ಹೆಂಡತಿ ಆಲಿಸ್‌ಗೆ ಪತ್ರದಲ್ಲಿ ಬರೆದರೇ ಹೊರತು ಬಹಿರಂಗವಾಗಿ ಬಾಯಿ ಬಿಡಲಿಲ್ಲ. ವಿಶ್ವವಿದ್ಯಾಲಯ ನಡೆಯುತ್ತಿದ್ದದ್ದೇ ರಾಕ್‌ಫೆಲರ್ ದುಡ್ಡಿನಲ್ಲಿ. ರೈಲ್ವೆ ಕಂಪನಿಗಳನ್ನು ಟೀಕಿಸಿದ ಅರ್ಥಶಾಸ್ತ್ರದ ಎಡ್ವರ್ಡ್ ಬೆಮಿಸ್ ಮರುವರ್ಷ ಅಲ್ಲಿಂದ ಹೊರಬಿದ್ದರು.

1904ರಲ್ಲಿ ಡ್ಯೂಯಿ ತಾವು ಕಟ್ಟಿದ ಪ್ರಯೋಗ ಶಾಲೆಯ ವಿಚಾರಕ್ಕೆ, ಅದರಲ್ಲೂ ಆಲಿಸ್ ಅವರ ಹುದ್ದೆಯ ವಿಚಾರಕ್ಕೆ ಜಗಳವಾಗಿ ರಾಜೀನಾಮೆ ಕೊಟ್ಟರು. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಕೊಲಂಬಿಯಾದಲ್ಲಿ ಜಾಗ ಮಾಡಿಸಿಕೊಟ್ಟದ್ದು ಹಳೇ ಗೆಳೆಯ ಜೇಮ್ಸ್ ಮೆಕೀನ್ ಕ್ಯಾಟೆಲ್. ಈ ಹೆಸರು ನೆನಪಿಟ್ಟುಕೊಳ್ಳಿ.

1915ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಹುಟ್ಟಿತು. ಡ್ಯೂಯಿ ಮೊದಲ ಅಧ್ಯಕ್ಷ. ಆದರೆ ಅದು ಕಾರ್ಮಿಕ ಸಂಘ ಅಲ್ಲ ಅಂತ ಸಾರಿ ಹೇಳುವ ಜವಾಬ್ದಾರಿಯೂ ಅವರದ್ದೇ ಆಗಿತ್ತು. ನಮ್ಮ ಸ್ಟಾಫ್ ರೂಮಿನ ಗತ್ತು ಎಷ್ಟು ಹಳೇದು ನೋಡಿ! ಮರುವರ್ಷವೇ ನ್ಯೂಯಾರ್ಕ್‌ನ ಶಾಲಾ ಶಿಕ್ಷಕರು ಯೂನಿಯನ್ ಕಟ್ಟಿದಾಗ ಇದೇ ಡ್ಯೂಯಿ ಅದರ ಆರಂಭದ ಸದಸ್ಯರಾದರು.

1917ರಲ್ಲಿ ಪರೀಕ್ಷೆ ಬಂತು. ಬಲವಂತವಾಗಿ ಸೇನೆಗೆ ಸೇರಿಸಿಕೊಂಡ ಹುಡುಗರನ್ನು ಯುರೋಪಿನ ಯುದ್ಧಕ್ಕೆ ಕಳಿಸಬೇಡಿ ಎಂದು ಸಂಸದರಿಗೆ ಪತ್ರ ಬರೆದ ಕ್ಯಾಟೆಲ್ ಅವರನ್ನು ಕೊಲಂಬಿಯಾ ವಜಾ ಮಾಡಿತು. ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ ಪ್ರತಿಭಟಿಸಿ ಕೆಲಸವನ್ನೇ ಬಿಟ್ಟರು. ಡ್ಯೂಯಿ ಯುದ್ಧದ ಪರವಾಗಿದ್ದರೂ ವಜಾವನ್ನು ಖಂಡಿಸಿದರು, ಅಧ್ಯಾಪಕರ ಸಮಿತಿಯಿಂದ ಹೊರಬಂದರು. ಕೆಲಸ ಮಾತ್ರ ಬಿಡಲಿಲ್ಲ. ತನಗೆ ಕೆಲಸ ಕೊಡಿಸಿದವನ ಕೆಲಸ ಹೋದಾಗ ಒಂದು ಸಮಿತಿ ಬಿಟ್ಟದ್ದು ನನಗೆ ಸಾಲದು ಅನ್ನಿಸುತ್ತೆ. ನಾನಾಗಿದ್ದರೆ? ಅದೂ ಗೊತ್ತಿಲ್ಲ ಬಿಡಿ.

ಯೂನಿಯನ್ ಬಗ್ಗೆ ಮಾತ್ರ ಅವರ ಮಾತು ವರ್ಷ ಕಳೆದಂತೆ ಗಟ್ಟಿಯಾಯಿತು. ಒಂಟಿ ಶಿಕ್ಷಕ ಆಡಳಿತದೆದುರು ದುರ್ಬಲ, ಉಳಿದ ದುಡಿಯುವವರ ಜೊತೆ ನಿಂತರೇ ಅವನಿಗೆ ಬಲ ಎಂದು 1928ರಲ್ಲಿ ಬಹಿರಂಗವಾಗಿ ವಾದಿಸಿದರು. 1935ರಲ್ಲಿ ಯೂನಿಯನ್ ಒಳಗೆ ಕಮ್ಯುನಿಸ್ಟ್ ಬಣಗಳ ಕಿತ್ತಾಟ ತಾರಕಕ್ಕೇರಿದಾಗ ಹೊರಬಂದು ಹೊಸ ಶಿಕ್ಷಕ ಸಂಘ ಕಟ್ಟಿದವರ ಜೊತೆ ಹೋದರು. ಎಡದವರಲ್ಲಿ ಹಲವರು ಇದನ್ನು ಕ್ಷಮಿಸಿಲ್ಲ. ಆಗ ಅವರಿಗೆ 75 ದಾಟಿತ್ತು. ಸಂಘವೇ ಬೇಡ ಎಂದು ಮನೆಯಲ್ಲಿ ಕೂರಬಹುದಿತ್ತು, ಕೂರಲಿಲ್ಲ.

1952ರ ಜೂನ್‌ನಲ್ಲಿ ಗೌರವ ಪದವಿ ಸ್ವೀಕರಿಸಲು ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋದರು. ಗುರುವನ್ನು ಕಾಣೋ ಆಸೆಯಿತ್ತು. ಅದೇ ತಿಂಗಳ ಆರಂಭದಲ್ಲಿ, 92ರ ವಯಸ್ಸಿನಲ್ಲಿ ಡ್ಯೂಯಿ ತೀರಿಕೊಂಡರು.

1919ರಲ್ಲಿ ಬಿಯರ್ಡ್ ಮತ್ತಿತರರ ಜೊತೆ ಸೇರಿ ಡ್ಯೂಯಿ ನ್ಯೂಯಾರ್ಕ್‌ನಲ್ಲಿ ನ್ಯೂ ಸ್ಕೂಲ್ ಸ್ಥಾಪಿಸಿದ್ದರು, ಅಧ್ಯಾಪಕರು ಯಾರಿಗೂ ಹೆದರದೆ ಪಾಠ ಮಾಡಲಿ ಅಂತ. ಇವತ್ತು ಅಲ್ಲಿ ಬಹುಪಾಲು ಪಾಠ ಮಾಡೋದು ಅರೆಕಾಲಿಕ ಅಧ್ಯಾಪಕರು, ಅಂದರೆ ನಮ್ಮಂಥವರೇ. 2022ರಲ್ಲಿ ಒಪ್ಪಂದದ ಮಾತುಕತೆ ಮುರಿದುಬಿದ್ದು, ನವೆಂಬರ್ 16ರಂದು ಅವರು ಮುಷ್ಕರಕ್ಕಿಳಿದರು. ಆಡಳಿತ ಸಂಬಳ ತಡೆದರೂ ಕದಲಲಿಲ್ಲ. ಮೂರು ವಾರ ದಾಟಿದ ಮೇಲೆ, ಡಿಸೆಂಬರ್ 10ರಂದು ರಾಜಿಯಾಯಿತು. ತರಗತಿಯ ಹೊರಗಿನ ಕೆಲಸಕ್ಕೂ ದುಡ್ಡು ಕೊಡಲು ನ್ಯೂ ಸ್ಕೂಲ್ ಒಪ್ಪಿತು.