ಯೊಹಾನ್ ಯಾಕೋಬ್ ವೆಪ್ಫರ್

ಯೊಹಾನ್ ಯಾಕೋಬ್ ವೆಪ್ಫರ್ (ಡಿಸೆಂಬರ್ 23, 1620 – ಜನವರಿ 26, 1695) ಸ್ವಿಟ್ಜರ್ಲೆಂಡಿನ ವೈದ್ಯ ಹಾಗೂ ಅಂಗರಚನಾಶಾಸ್ತ್ರಜ್ಞ. ಪಾರ್ಶ್ವವಾಯುವಿಗೆ (ಲಕ್ವ) ಮಿದುಳಿನ ರಕ್ತನಾಳಗಳ ತೊಂದರೆಯೇ ಕಾರಣವೆಂದು ಶವಪರೀಕ್ಷೆಗಳ ಆಧಾರದಿಂದ ನಿರೂಪಿಸಿದ ಆದ್ಯರಲ್ಲಿ ಒಬ್ಬರು.

ಜೀವನ

ಶಾಫ್‌ಹೌಸೆನ್ ನಗರದಲ್ಲಿ ಜನಿಸಿದ ವೆಪ್ಫರ್, ಬಾಸೆಲ್ ಮತ್ತು ಪಾಡುವಾಗಳಲ್ಲಿ ವ್ಯಾಸಂಗ ಮಾಡಿ, 1647ರಲ್ಲಿ ಹುಟ್ಟೂರಿನ ನಗರವೈದ್ಯರಾದರು. ಆಸ್ಪತ್ರೆಯಲ್ಲಿ ಮೃತರಾದವರ ಶವಪರೀಕ್ಷೆಗೆ ನಗರಾಡಳಿತದಿಂದ ಅನುಮತಿ ಪಡೆದಿದ್ದರು. ನಿಧನಾನಂತರ ಅವರದೇ ದೇಹದ ಪರೀಕ್ಷೆಯಲ್ಲಿ ಮಹಾಪಧಮನಿಯು ಗಡುಸಾಗಿದ್ದುದು ಕಂಡುಬಂದಿತು.

ಸಂಶೋಧನೆ

ಮಿದುಳಿನ ಕುಹರಗಳಲ್ಲಿ ಕಫ ತುಂಬುವುದರಿಂದ ಈ ರೋಗ ಬರುತ್ತದೆ ಎಂಬುದು ಗ್ಯಾಲೆನ್‌ನ ಕಾಲದಿಂದ ಬಂದ ನಂಬಿಕೆಯಾಗಿತ್ತು. ಹಠಾತ್ತನೆ ಕುಸಿದು ಮೃತಪಟ್ಟವರ ಮಿದುಳಿನಲ್ಲಿ ವೆಪ್ಫರ್ ರಕ್ತಸ್ರಾವವನ್ನು ಗುರುತಿಸಿ, 1658ರಲ್ಲಿ ಲ್ಯಾಟಿನ್ ಗ್ರಂಥವೊಂದನ್ನು ಪ್ರಕಟಿಸಿದರು. ಮಿದುಳಿಗೆ ರಕ್ತ ಹರಿಯುವುದು ತಡೆಗೊಂಡರೂ ಇದೇ ಸ್ಥಿತಿ ಉಂಟಾಗಬಹುದೆಂದು ಅದರಲ್ಲಿ ವಿವರಿಸಿದರು.

ಮಹತ್ವ

ಇಂದಿನ ತುರ್ತುಚಿಕಿತ್ಸೆಯು ಈ ಭೇದವನ್ನೇ ಅವಲಂಬಿಸಿದೆ. ಮುಖ ಸೊಟ್ಟಗಾಗುವುದು, ಒಂದು ಕೈ ಬಲಹೀನವಾಗುವುದು, ಮಾತು ತೊದಲುವುದು ಇದರ ಮುಖ್ಯ ಲಕ್ಷಣಗಳು. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತವಾದ ಅರ್ಹ ರೋಗಿಗಳಿಗೆ, ಲಕ್ಷಣಗಳು ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಹೆಪ್ಪು ಕರಗಿಸುವ ಔಷಧಿ ನೀಡಲಾಗುತ್ತದೆ. ರಕ್ತಸ್ರಾವವಾದವರಿಗೆ ಅದೇ ಔಷಧಿ ಪ್ರಾಣಾಂತಕವಾಗಬಲ್ಲದು.