ಮಕ್ಕಳಿಲ್ಲದ ವರ್ತಕರ ದೊಡ್ಡ ಸಂಸಾರ: ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು

ಬನಿಯಾಸ್: ಊರು ಬಿಟ್ಟು ಬಂದವರಿಗೆ ಹೊಸ ಊರಿನ ಮೊದಲ ರಾತ್ರಿ ಮರೆಯುವಂಥದ್ದಲ್ಲ. ದೇರಾದ ಬನಿಯಾಸ್ ಚೌಕವನ್ನು ನಾಸರ್ ಸ್ಕ್ವೇರ್ ಎಂದೇ ಕರೆಯುತ್ತಿದ್ದ ಕಾಲದಲ್ಲಿ ಇಲ್ಲಿಗೆ ಬಂದಿಳಿದ ನಮ್ಮ ಹಿರಿಯರನ್ನು ಕೇಳಿ ನೋಡಿ. ಮೊದಲ ಸಂಬಳಕ್ಕಿಂತ ಮೊದಲು ತಲೆ ಊರಲು ಸಿಕ್ಕ ಜಾಗದ ಕತೆಯನ್ನೇ ಹೇಳುತ್ತಾರೆ. ಯಾರದೋ ಕೋಣೆಯ ಮೂಲೆ, ಯಾರೋ ಹಂಚಿಕೊಂಡ ಊಟ, ಅಷ್ಟೇ. ಆ ಉಪಕಾರವನ್ನು ಇಂದಿಗೂ ನೆನೆಯುವವರಿದ್ದಾರೆ.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಗುರುತು ಪರಿಚಯವಿಲ್ಲದ ಪ್ರಯಾಣಿಕನಿಗೆ ಬೆಂಗಳೂರಿನಲ್ಲಿ ಇಂಥದೇ ಒಂದು ಆಸರೆಯನ್ನು ಕಟ್ಟಿಕೊಟ್ಟವರು ವರ್ತಕರಾದ ಗುಬ್ಬಿ ತೋಟದಪ್ಪನವರು. ಬೆಂಗಳೂರು ರೈಲ್ವೆ ನಿಲ್ದಾಣದಲ್ಲಿ ಇಳಿದವರಿಗೆ ತೋಟದಪ್ಪನವರ ಛತ್ರ ಎಂಬ ಹೆಸರು ಚಿರಪರಿಚಿತ. ಆದರೆ ತೋಟದಪ್ಪನವರು ಯಾರು, ತಮ್ಮ ಗಳಿಕೆಯನ್ನೆಲ್ಲ ಅವರು ಹೀಗೇಕೆ ಧಾರೆಯೆರೆದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಂತೂ ತಿಳಿಯುವ ಅವಕಾಶವೇ ಕಡಿಮೆ. ಅದಕ್ಕಾಗಿ ಈ ಕಿರು ಪರಿಚಯ.

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯ ಲಿಂಗಾಯತ ಮನೆತನದಲ್ಲಿ. ಗುಬ್ಬಿ ಎಂದರೆ ಇಂದು ನಮಗೆ ತಟ್ಟನೆ ನೆನಪಾಗುವುದು ವೀರಣ್ಣನವರ ನಾಟಕ ಕಂಪನಿ. ಆದರೆ ಅದಕ್ಕೂ ಮೊದಲೇ ಅಡಿಕೆ, ಕೊಬ್ಬರಿ, ಬಟ್ಟೆಯ ವ್ಯಾಪಾರಕ್ಕೆ ಹೆಸರಾಗಿದ್ದ ಊರು ಅದು. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1831ರಲ್ಲಿ ಕೈತಪ್ಪಿದ ಆಡಳಿತ ಒಡೆಯರ ಮನೆತನಕ್ಕೆ ಮರಳಿ ಬಂದದ್ದು 1881ರಲ್ಲಿ. ಸಂಸ್ಥಾನದ ಆಡಳಿತವೂ ದೊಡ್ಡ ವ್ಯಾಪಾರವೂ ಬೆಂಗಳೂರಿನ ಕಡೆಗೆ ಸರಿಯುತ್ತಿದ್ದ ಆ ದಿನಗಳಲ್ಲಿ ತೋಟದಪ್ಪನವರ ಕುಟುಂಬವೂ ಗುಬ್ಬಿ ಬಿಟ್ಟು ಬೆಂಗಳೂರು ಸೇರಿತು. ಪೇಟೆಯ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಆರಂಭಿಸಿತು. ಅಲ್ಲಿ ನೆಲೆಯೂರಿದ ತೋಟದಪ್ಪನವರು ಕಾಲಕ್ರಮೇಣ ನಗರದ ಅನುಕೂಲಸ್ಥ ವರ್ತಕರಲ್ಲಿ ಒಬ್ಬರಾದರು.

ಅವರ ನಡುವಯಸ್ಸಿನ ವರ್ಷಗಳು ಸಂಸ್ಥಾನಕ್ಕೆ ಸುಲಭದ ವರ್ಷಗಳಾಗಿರಲಿಲ್ಲ. 1876ರಿಂದ 1878ರವರೆಗೆ ಬಂದ ಭೀಕರ ಕ್ಷಾಮ ಹಳ್ಳಿಗಳನ್ನೇ ಬರಿದು ಮಾಡಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತೆಂದರೆ ಅದರ ಭೀಕರತೆಯನ್ನು ಊಹಿಸಬಹುದು. ಅನ್ನ ಹುಡುಕುತ್ತ ಜನ ಪಟ್ಟಣಗಳತ್ತ ನಡೆದು ಬಂದರು. 40ರ ಆಸುಪಾಸಿನಲ್ಲಿದ್ದ ತೋಟದಪ್ಪನವರ ಕಣ್ಣೆದುರಿನ ಬೆಂಗಳೂರು ಇದು.

ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆಯೂ ಆಗುತ್ತಿತ್ತು. 1864ರಲ್ಲಿ ದಂಡಿನ ನಿಲ್ದಾಣಕ್ಕೆ ಮದರಾಸಿನ ಕಡೆಯಿಂದ ರೈಲು ಬಂತು. 1880ರ ದಶಕದಲ್ಲಿ ಮೈಸೂರಿನತ್ತ, ತುಮಕೂರು ಗುಬ್ಬಿಗಳತ್ತ ಹಳಿಗಳು ಹರಡಿದವು. ಹಿಂದೆ ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ದಿನಗಟ್ಟಲೆ ಬರಬೇಕಿದ್ದವರು ಈಗ ಹೊತ್ತು ಮುಳುಗುವುದರೊಳಗೆ ಬೆಂಗಳೂರಿಗೆ ಬಂದಿಳಿಯತೊಡಗಿದರು. ವ್ಯಾಜ್ಯಕ್ಕೆ ಬಂದವರು, ಸಂತೆಗೆ ಬಂದವರು, ಮಗನನ್ನು ಶಾಲೆಗೆ ಸೇರಿಸಲು ಬಂದವರು ಎಲ್ಲರೂ ಇದ್ದರು. ಆದರೆ ಇಳಿದ ಮೇಲೆ ಎಲ್ಲಿಗೆ ಹೋಗುವುದು? ನೆಂಟರಿಲ್ಲದ ಹಳ್ಳಿಯವರ ಕೈಗೆಟುಕುವ ವಸತಿ ಅಪರೂಪ. ಹಳೆಯ ಛತ್ರಗಳು ಹಳೆಯ ಹೆದ್ದಾರಿಗಳ ಮೇಲಿದ್ದವು, ದೇವಸ್ಥಾನಗಳ ಬಳಿ ಇದ್ದವು. ಜನರ ಹಾದಿ ಬದಲಾಗಿತ್ತು, ಛತ್ರಗಳು ಇದ್ದಲ್ಲೇ ಇದ್ದವು.

ವರ್ತಕರಾದ ತೋಟದಪ್ಪನವರು ಛತ್ರಕ್ಕೆ ಆರಿಸಿಕೊಂಡ ಸ್ಥಳ ಈ ಬದಲಾದ ಹಾದಿಯ ಮೇಲೇ ಇತ್ತು. ಅವರಿಗೆ ಮಕ್ಕಳಿರಲಿಲ್ಲ. ವಂಶಕ್ಕೊಬ್ಬ ಗಂಡುಮಗ ಬೇಕು, ಆಸ್ತಿಗೊಬ್ಬ ವಾರಸುದಾರ ಬೇಕು ಎಂಬುದು ಅಂದಿನ ಸಮಾಜದ ದೊಡ್ಡ ಚಿಂತೆ. ಮಕ್ಕಳಿಲ್ಲದ ಮನೆಯಲ್ಲಿ ದತ್ತು ಸ್ವೀಕಾರ, ದಾಯಾದಿಗಳ ಲೆಕ್ಕಾಚಾರ ಎರಡೂ ಸಾಮಾನ್ಯವಾಗಿದ್ದವು. ತೋಟದಪ್ಪನವರು ತಮ್ಮ ಸಂಪತ್ತನ್ನು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಮೀಸಲಿಡಲು ನಿರ್ಧರಿಸಿದರು. 1897ರಲ್ಲಿ ಧರ್ಮಸಂಸ್ಥೆಯನ್ನು ಸ್ಥಾಪಿಸಿ ರೈಲ್ವೆ ನಿಲ್ದಾಣದ ಬಳಿಯೇ ಜಾಗ ಕೊಂಡರು. ಆಗ ಅವರಿಗೆ ಸುಮಾರು 59 ವರ್ಷ.

ಮರುವರ್ಷವೇ, ಅಂದರೆ 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯ ಬೀದಿಗಳಿಂದ ಜನ ಗುಳೆ ಎದ್ದರು, ವ್ಯಾಪಾರಕ್ಕೂ ಪೆಟ್ಟು ಬಿತ್ತು. ಊರಿಗೆ ಊರೇ ಹೊಸಬರನ್ನು ಕಂಡು ಹೆದರುತ್ತಿದ್ದ ಕಾಲ ಅದು. ಆದರೂ ಹೊಸಬರಿಗಾಗಿಯೇ ಕಟ್ಟುವ ಛತ್ರದ ಕೆಲಸವನ್ನು ತೋಟದಪ್ಪನವರು ಕೈಬಿಡಲಿಲ್ಲ. 1903ರ ಫೆಬ್ರವರಿ 11ರಂದು, ಕೆಲವೇ ತಿಂಗಳ ಹಿಂದೆ ರಾಜ್ಯಭಾರ ವಹಿಸಿಕೊಂಡಿದ್ದ ಯುವ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಧರ್ಮಛತ್ರವನ್ನು ಉದ್ಘಾಟಿಸಿದರು. ಎಲ್ಲ ಮತಗಳ ಪ್ರಯಾಣಿಕರಿಗೂ ಅದರ ಬಾಗಿಲು ತೆರೆದಿತ್ತು. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬುದನ್ನೂ ಜಾತಿಯೇ ನಿರ್ಧರಿಸುತ್ತಿದ್ದ ಅಂದಿನ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಜೊತೆಗೆ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವೂ ಆರಂಭವಾಯಿತು. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಛತ್ರ ಸರ್ವರಿಗೂ ತೆರೆದಿದ್ದರೂ ವಿದ್ಯಾರ್ಥಿನಿಲಯ ಇದ್ದದ್ದು ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗೆ. ಇಂದಿನ ಕಣ್ಣಿಗೆ ಇದು ಸಂಕುಚಿತವೆನಿಸಬಹುದು. ಆದರೆ ಅಂದು ಸಂಸ್ಥಾನದ ಉನ್ನತ ಶಿಕ್ಷಣವೂ ಸರ್ಕಾರಿ ಹುದ್ದೆಗಳೂ ಬಹುಮಟ್ಟಿಗೆ ಒಂದೇ ವರ್ಗದವರ ಕೈಯಲ್ಲಿದ್ದವು. ಇದನ್ನು ಸರಿಪಡಿಸುವ ದಾರಿ ಹುಡುಕಲು ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿ. ಅದಕ್ಕೂ ಮೊದಲೇ ಬೇರೆ ಬೇರೆ ಸಮುದಾಯಗಳ ಉಳ್ಳವರು ತಮ್ಮ ತಮ್ಮ ಹಳ್ಳಿ ಹುಡುಗರಿಗೆ ಪಟ್ಟಣದಲ್ಲಿ ಅನ್ನ, ಆಸರೆ ಒದಗಿಸಲು ಮುಂದಾದರು. ಕಾಲೇಜಿನ ಸಂಬಳಕ್ಕಿಂತ ಪಟ್ಟಣದ ಊಟ ವಸತಿಯ ಖರ್ಚೇ ಹಳ್ಳಿಯ ಹುಡುಗನ ಓದನ್ನು ನಿಲ್ಲಿಸುತ್ತಿದ್ದ ಕಾಲದಲ್ಲಿ ಇಂಥ ನಿಲಯಗಳಿಂದ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹೊರಬಂದ.

1905ರಲ್ಲಿ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದು ನೀಡಿದರು. 1910ರಲ್ಲಿ ಬ್ರಿಟಿಷ್ ಸರ್ಕಾರದ ರಾವ್ ಬಹದ್ದೂರ್ ಬಿರುದೂ ಸಂದಿತು. ಅದೇ ವರ್ಷ ಫೆಬ್ರವರಿ 21ರಂದು, 72ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಅದಕ್ಕೂ ಮೊದಲೇ ತಮ್ಮೆಲ್ಲ ಸ್ವತ್ತನ್ನು ಧರ್ಮಸಂಸ್ಥೆಗೆ ಬರೆದುಕೊಟ್ಟು, ಅದರ ಹೊಣೆಯನ್ನು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ಒಪ್ಪಿಸಿದ್ದರು. ಮುಂದೆ ನಗರಸಭೆಯ ಅಧ್ಯಕ್ಷರಾಗಿ, ಸರ್ ಪದವಿ ಪಡೆದ ಪುಟ್ಟಣ್ಣ ಚೆಟ್ಟಿಯವರ ಹೆಸರನ್ನೇ ಬೆಂಗಳೂರಿನ ಪುರಭವನ ಇಂದು ಹೊತ್ತಿದೆ. ದಾನ ಕೊಟ್ಟರೆ ಸಾಲದು, ಅದು ಉಳಿಯುವಂತೆ ಯೋಗ್ಯರ ಕೈಗೆ ಕೊಡಬೇಕು. ಲೆಕ್ಕ ಬಲ್ಲ ವರ್ತಕರಾದ ತೋಟದಪ್ಪನವರು ಹಾಗೆಯೇ ಮಾಡಿದರು.

ಅವರು ತೀರಿಕೊಂಡು 17 ವರ್ಷಗಳಾದ ಮೇಲೆ, 1927ರಲ್ಲಿ, ಮಾಗಡಿ ತಾಲ್ಲೂಕಿನ ವೀರಾಪುರದ ಒಬ್ಬ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿ ಈ ವಿದ್ಯಾರ್ಥಿನಿಲಯದಲ್ಲಿ ಉಳಿದುಕೊಂಡ. 1930ರಲ್ಲಿ ಆತ ಸನ್ಯಾಸ ಸ್ವೀಕರಿಸಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. 2019ರಲ್ಲಿ, 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾಗುವವರೆಗೆ ಸಿದ್ಧಗಂಗಾ ಮಠದಲ್ಲಿ ಜಾತಿ ಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಉಂಡು ಓದಿದ್ದನ್ನು ನಾಡೇ ಬಲ್ಲದು. ತೋಟದಪ್ಪನವರು ಹುಟ್ಟಿದ ಗುಬ್ಬಿಗೂ ಆ ಮಠಕ್ಕೂ ಹೆಚ್ಚು ದೂರವಿಲ್ಲ. ಒಂದು ನಿಲಯದಲ್ಲಿ ಉಂಡ ಅನ್ನದ ಋಣ ಹೀಗೆ ಸಾವಿರ ಪಾಲಾಗಿ ತೀರಿತು ಎಂದರೆ ತಪ್ಪಾಗಲಾರದು.

ಇಂದು ಆ ರೈಲ್ವೆ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಎದುರಿಗಿದ್ದ ಧರ್ಮಾಂಬುಧಿ ಕೆರೆ ಬತ್ತಿ ಬಸ್ ನಿಲ್ದಾಣವಾಗಿ ಎಷ್ಟೋ ಕಾಲವಾಯಿತು. ಪಕ್ಕದ ರಸ್ತೆಗೆ ಮಾತ್ರ ಗುಬ್ಬಿ ತೋಟದಪ್ಪನವರ ಹೆಸರು ಉಳಿದಿದೆ, ಅವರ ಛತ್ರವೂ ಉಳಿದಿದೆ.

ಕೊಲ್ಲಿ ನಾಡಿಗೆ ಬಂದು ದುಡಿಯುತ್ತಿರುವ ನಮಗೂ ಒಂದು ಚಿಂತೆ ಇದ್ದೇ ಇದೆ. ಊರಿನಲ್ಲಿ ಕಟ್ಟಿಸಿದ ಮನೆಗೆ ಬೀಗ, ಮಕ್ಕಳು ಇನ್ನಾವುದೋ ದೇಶದಲ್ಲಿ. ಗಳಿಸಿದ್ದು ಯಾರಿಗೆ ಎಂಬ ಪ್ರಶ್ನೆ ಮಕ್ಕಳಿಲ್ಲದವರಿಗಷ್ಟೇ ಸೇರಿದ್ದಲ್ಲ. ಎಲ್ಲರೂ ಛತ್ರ ಕಟ್ಟಿಸಲಾಗದು, ನಿಜ. ಆದರೆ ಊರಿನ ಒಬ್ಬ ಹುಡುಗನ ಅಥವಾ ಹುಡುಗಿಯ ಹಾಸ್ಟೆಲ್ ಖರ್ಚು, ಇಲ್ಲಿಗೆ ಹೊಸದಾಗಿ ಬಂದ ಒಬ್ಬರಿಗೆ ನಾಲ್ಕು ದಿನದ ಆಸರೆ ನಮ್ಮ ಕೈಮೀರಿದ್ದಲ್ಲ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ಮೆಜೆಸ್ಟಿಕ್ ಕಡೆಗೆ ಹೋದಾಗ ಒಂದು ನಿಮಿಷ ನಿಂತು ಆ ಛತ್ರವನ್ನು ತೋರಿಸಿ, ಕಟ್ಟಿಸಿದವರ ಕತೆ ಹೇಳಿ.