ಎರಡನೆಯ ಜುನುಮ್ಮಾಬಿ

ಎರಡನೆಯ ಜುನುಮ್ಮಾಬಿ (ಆಡಳಿತಾವಧಿ: 1777–1819) ಕಣ್ಣೂರಿನ ಅರಕ್ಕಲ್ ರಾಜಮನೆತನದ ಆಡಳಿತಗಾರ್ತಿ ಹಾಗೂ ಲಕ್ಷದ್ವೀಪ ಸಮೂಹದ ಒಡತಿ. ಬ್ರಿಟಿಷ್ ದಾಖಲೆಗಳಲ್ಲಿ ಈಕೆಯನ್ನು ಸಾಮಾನ್ಯವಾಗಿ ಕಣ್ಣೂರಿನ ಬೀಬಿ ಎಂದು ನಮೂದಿಸಲಾಗಿದೆ. ಮೈಸೂರಿನ ಸುಲ್ತಾನರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಯುದ್ಧಗಳ ನಡುವೆ ಆಕೆ 42 ವರ್ಷ ಆಳಿದಳು. ಆಕೆಯ ಕಾಲದಲ್ಲಿ ದ್ವೀಪಸಮೂಹ ಎರಡಾಗಿ ಒಡೆಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ ಎಂಬ ಉತ್ತರದ ಐದು ದ್ವೀಪಗಳು (ಅಮಿನ್‌ದಿವಿ ದ್ವೀಪಗಳು) ಆಕೆಯ ಕೈತಪ್ಪಿ ಮಂಗಳೂರಿನ ಆಡಳಿತಕ್ಕೆ ಸೇರಿದವು. ಅವು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು.

ಮನೆತನದ ಹಿನ್ನೆಲೆ

ಅರಕ್ಕಲ್ ಕೇರಳದ ಏಕೈಕ ಮುಸ್ಲಿಂ ರಾಜಮನೆತನ. ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಇದರ ಉತ್ತರಾಧಿಕಾರ ಕ್ರಮ ಅಪರಿಚಿತವೆನಿಸದು. ಇಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತಿತ್ತು ಮತ್ತು ಕುಟುಂಬದ ಹಿರಿಯ ಸದಸ್ಯರು, ಗಂಡಾಗಲಿ ಹೆಣ್ಣಾಗಲಿ, ಪಟ್ಟಕ್ಕೆ ಬರುತ್ತಿದ್ದರು. ಗಂಡಸರನ್ನು ಆಲಿ ರಾಜ ಎಂದೂ ಹೆಂಗಸರನ್ನು ಬೀಬಿ ಅಥವಾ ಬೀವಿ ಎಂದೂ ಕರೆಯಲಾಗುತ್ತಿತ್ತು. ಜುನುಮ್ಮಾಬಿಗೆ ಮೊದಲೂ ಅನಂತರವೂ ಹಲವು ಮಹಿಳೆಯರು ಆಳಿದ್ದರಿಂದ, ಆಕೆ ಪಟ್ಟಕ್ಕೆ ಬಂದದ್ದು ಮನೆತನದೊಳಗೆ ವಿಶೇಷ ಸಂಗತಿಯಾಗಿರಲಿಲ್ಲ.

16ನೆಯ ಶತಮಾನದಲ್ಲಿ ಚಿರಕ್ಕಲ್‌ನ ಕೋಲತ್ತಿರಿ ಅರಸರು ದ್ವೀಪಗಳನ್ನು ಈ ಮನೆತನಕ್ಕೆ ವಹಿಸಿಕೊಟ್ಟರು. ಕೃಷಿಭೂಮಿಯಿಂದ ಹೆಚ್ಚಿನ ಆದಾಯವಿಲ್ಲದ ಅರಕ್ಕಲ್‌ಗೆ ಕಡಲ ವ್ಯಾಪಾರವೇ ಜೀವಾಳ. ಅದರಲ್ಲಿಯೂ ದ್ವೀಪಗಳ ತೆಂಗಿನ ನಾರಿನ ಹುರಿ ಮುಖ್ಯವಾದುದು. 1766ರಲ್ಲಿ ಹೈದರಾಲಿ ಮಲಬಾರಿನ ಮೇಲೆ ದಂಡೆತ್ತಿ ಹೋದಾಗ ಅಂದಿನ ಆಲಿ ರಾಜ ಅವನ ಪಕ್ಷ ವಹಿಸಿದನು. ಈ ಮೈತ್ರಿಯನ್ನೂ ಅದರ ಹೊರೆಯನ್ನೂ ಜುನುಮ್ಮಾಬಿ 1777ರಲ್ಲಿ ಪಟ್ಟದೊಡನೆ ಪಡೆದಳು.

ಮಂಗಳೂರು ಒಪ್ಪಂದ

ಎರಡನೆಯ ಮೈಸೂರು ಯುದ್ಧದ ಕೊನೆಯ ಭಾಗದಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದನು. ಅದೇ ಸಮಯದಲ್ಲಿ ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಕಂಪನಿಯ ಸಿಪಾಯಿಗಳನ್ನು ಬೀಬಿಯ ಕಡೆಯವರು ಹಿಡಿದಿಟ್ಟುಕೊಂಡರು. ಇದನ್ನೇ ಕಾರಣವಾಗಿ ಮುಂದಿಟ್ಟು ಜನರಲ್ ಮ್ಯಾಕ್ಲಿಯೋಡ್ 1783ರ ಡಿಸೆಂಬರಿನಲ್ಲಿ ಕಣ್ಣೂರನ್ನು ವಶಪಡಿಸಿಕೊಂಡನು. ಬೀಬಿ ಸೆರೆಯಾಗಿ, ಕಂಪನಿ ಹೇಳಿದ ಷರತ್ತುಗಳಿಗೆ ಒಪ್ಪಬೇಕಾಯಿತು.

ಆದರೆ ಈ ಷರತ್ತುಗಳು ಹೆಚ್ಚು ಕಾಲ ನಿಲ್ಲಲಿಲ್ಲ. 1784ರ ಮಾರ್ಚ್ 11ರಂದು ಟಿಪ್ಪುವಿಗೂ ಕಂಪನಿಗೂ ಆದ ಮಂಗಳೂರು ಒಪ್ಪಂದದಂತೆ ಕಣ್ಣೂರನ್ನು ಬೀಬಿಗೆ ಹಿಂದಿರುಗಿಸಲಾಯಿತು. ರಾಜ್ಯ ಮರಳಿ ಬಂದಿತಾದರೂ ಅದು ಮೈಸೂರಿನ ಆಶ್ರಯದಲ್ಲಿ ಬಂದಿತು ಎಂಬುದನ್ನು ಗಮನಿಸಬೇಕು. ಮೂರೇ ವರ್ಷಗಳಲ್ಲಿ ಆ ಆಶ್ರಯದ ಬೆಲೆ ಸ್ಪಷ್ಟವಾಯಿತು.

ಅಮಿನಿ ದ್ವೀಪದ ದಂಗೆ

ದ್ವೀಪವಾಸಿಗಳು ತಯಾರಿಸಿದ ಹುರಿಯನ್ನು ಅರಕ್ಕಲ್ ಮನೆತನವೇ ಕೊಳ್ಳುತ್ತಿತ್ತು, ಇತರರಿಗೆ ಮಾರುವಂತಿರಲಿಲ್ಲ. ಬೆಲೆಯನ್ನು ಮನೆತನವೇ ನಿಗದಿಪಡಿಸಿ ಅದರ ಬಹುಭಾಗವನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿತ್ತು. ಹವಳದ ಮರಳಿನ ನೆಲದಲ್ಲಿ ಭತ್ತ ಬೆಳೆಯದು. ಆದ್ದರಿಂದ ಹುರಿಯ ಬೆಲೆಯನ್ನೂ ಅಕ್ಕಿಯ ಅಳತೆಯನ್ನೂ ಒಬ್ಬರೇ ನಿರ್ಧರಿಸುವ ಈ ಏಕಸ್ವಾಮ್ಯದಲ್ಲಿ ದ್ವೀಪದ ಕುಟುಂಬಗಳಿಗೆ ಚೌಕಾಸಿಗೆ ಎಡೆಯೇ ಇರಲಿಲ್ಲ. ಬೀಬಿಯ ಅಧಿಕಾರಿಗಳ ದಬ್ಬಾಳಿಕೆ ಇದಕ್ಕೆ ಸೇರಿಕೊಂಡಿತು.

1787ರಲ್ಲಿ ಅಮಿನಿಯ ಜನರು ದಂಗೆ ಎದ್ದರು. ಅವರು ಮೊರೆಹೋದದ್ದು ಕಣ್ಣೂರಿಗಲ್ಲ, ಮಂಗಳೂರು ಆಗ ಯಾರ ಕೈಯಲ್ಲಿತ್ತೋ ಆ ಟಿಪ್ಪು ಸುಲ್ತಾನನಿಗೆ. ಅಮಿನಿಯಿಂದ ಮಂಗಳೂರಿಗೆ ಕಡಲಿನಲ್ಲಿ ಸುಮಾರು 300 ಕಿಲೋಮೀಟರ್ ದೂರ. ದ್ವೀಪದ ಓಡಗಳು ಹುರಿ, ಕೊಬ್ಬರಿಗಳನ್ನು ಹೇರಿಕೊಂಡು ಈ ಬಂದರಿಗೆ ಬಂದು ಅಕ್ಕಿ ಒಯ್ಯುವುದು ರೂಢಿಯಲ್ಲಿದ್ದ ಕಾರಣ ದಾರಿಯೂ ಊರೂ ಅವರಿಗೆ ಪರಿಚಿತವಾಗಿದ್ದವು. ಟಿಪ್ಪು ಅಮಿನ್‌ದಿವಿ ದ್ವೀಪಗಳನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡು, ಬದಲಿಗೆ ಚಿರಕ್ಕಲ್ ಸೀಮೆಯಲ್ಲಿ ಒಂದಿಷ್ಟು ಭೂಮಿಯನ್ನು ಬೀಬಿಗೆ ಜಹಗೀರಾಗಿ ಕೊಟ್ಟನು. ಮಿತ್ರನಾದ ಸುಲ್ತಾನನೇ ತನ್ನ ಪ್ರಜೆಗಳ ದೂರನ್ನು ಎತ್ತಿಹಿಡಿದಾಗ ಆಕೆಗೆ ಬೇರೆ ಆಯ್ಕೆ ಇರಲಿಲ್ಲ. ಅಗತ್ತಿ, ಕವರತ್ತಿ, ಆಂಡ್ರೋತ್, ಕಲ್ಪೇನಿ ಮತ್ತು ಮಿನಿಕಾಯ್ ಮಾತ್ರ ಅರಕ್ಕಲ್‌ಗೆ ಉಳಿದವು.

ಇಷ್ಟಾದರೂ ಮೈತ್ರಿ ಮುರಿಯಲಿಲ್ಲ. 1789ರಲ್ಲಿ ಟಿಪ್ಪು ಕಣ್ಣೂರಿಗೆ ಬಂದಾಗ ತನ್ನ ಮಗ ಅಬ್ದುಲ್ ಖಾಲಿಕ್‌ನಿಗೂ ಬೀಬಿಯ ಮಗಳಿಗೂ ವಿವಾಹ ನಿಶ್ಚಯ ಮಾಡಿದನು.

ಕಂಪನಿಯ ಅಧೀನದಲ್ಲಿ

ಮೂರನೆಯ ಮೈಸೂರು ಯುದ್ಧ ಆರಂಭವಾದಾಗ ಬೀಬಿ ಮೊದಲು 1790ರ ಆಗಸ್ಟಿನಲ್ಲಿ ಕಂಪನಿಯೊಂದಿಗೆ ಒಡಂಬಡಿಕೆ ಮಾಡಿಕೊಂಡಳು, ಅನಂತರ ಮತ್ತೆ ಟಿಪ್ಪುವಿನ ಕಡೆಗೆ ವಾಲಿದಳು. ಇಂಗ್ಲಿಷ್ ಬರಹಗಾರರು ಇದನ್ನು ಚಂಚಲತೆ ಎಂದು ಬಣ್ಣಿಸುವುದುಂಟು. ಎರಡು ದೊಡ್ಡ ಸೈನ್ಯಗಳ ನಡುವೆ ಸಿಕ್ಕಿದ ಸಣ್ಣ ಬಂದರು ರಾಜ್ಯಕ್ಕೆ ಅದಕ್ಕಿಂತ ಸ್ಥಿರವಾದ ನೀತಿ ಸಾಧ್ಯವಿತ್ತೇ ಎಂಬುದು ಬೇರೆ ಪ್ರಶ್ನೆ. 1790ರ ಡಿಸೆಂಬರಿನಲ್ಲಿ ಜನರಲ್ ಅಬರ್‌ಕ್ರಾಂಬಿಯ ಸೈನ್ಯಕ್ಕೆ ಕಣ್ಣೂರು ಶರಣಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಮಲಬಾರು ಕಂಪನಿಗೆ ಸೇರಿತು.

ಕಂಪನಿಯು ಇತರ ಮಲಬಾರು ಅರಸರಂತೆ ಬೀಬಿಯನ್ನೂ ಕಪ್ಪ ಸಲ್ಲಿಸುವ ಭೂಮಾಲೀಕರ ಸ್ಥಾನಕ್ಕೆ ಇಳಿಸಿತು. 1796ರ ಒಪ್ಪಂದದಲ್ಲಿ ಆಕೆ ವರ್ಷಕ್ಕೆ 15,000 ರೂಪಾಯಿ ಕೊಡಲು ಒಪ್ಪಿದಳು. ಕಣ್ಣೂರಿನ ಮನೆ ಹಿತ್ತಿಲುಗಳು, ದ್ವೀಪಗಳೊಂದಿಗಿನ ವ್ಯಾಪಾರ, ದ್ವೀಪಗಳಲ್ಲಿನ ಜನ್ಮಿ ಹಕ್ಕು ಎಲ್ಲವೂ ಈ ಮೊತ್ತದಲ್ಲಿ ಅಡಕವಾಗಿದ್ದವು. ರಾಜ್ಯವೊಂದನ್ನು ಆಸ್ತಿಯಂತೆ ಲೆಕ್ಕಹಾಕಿದ ಈ ಪತ್ರವೇ ಮುಂದಿನ ನೂರು ವರ್ಷಗಳ ಕಾಲ ದಕ್ಷಿಣದ ದ್ವೀಪಗಳ ಸ್ಥಾನಮಾನಕ್ಕೆ ಆಧಾರವಾಯಿತು. ದ್ವೀಪಗಳ ದೈನಂದಿನ ಆಡಳಿತ ಬೀಬಿಯದು, ಅಂತಿಮ ಅಧಿಕಾರ ಕಂಪನಿಯದು.

ಅಮಿನ್‌ದಿವಿಯ ವಿಚಾರ ಬೇರೆ. 1799ರ ಮೇ 4ರಂದು ಟಿಪ್ಪು ಮಡಿದ ಬಳಿಕ ಕೆನರಾ ಪ್ರಾಂತ ಕಂಪನಿಯ ವಶವಾಯಿತು ಮತ್ತು ಥಾಮಸ್ ಮನ್ರೋ ಅದರ ಕಲೆಕ್ಟರನಾಗಿ ನೇಮಕಗೊಂಡನು. ಟಿಪ್ಪುವಿನ ಸ್ವತ್ತೆಂಬ ನೆಲೆಯಲ್ಲಿ ಐದು ದ್ವೀಪಗಳೂ ಕೆನರಾಕ್ಕೆ ಸೇರಿದವು. ಅರಕ್ಕಲ್‌ಗೆ ಅವನ್ನು ಹಿಂದಿರುಗಿಸಲಿಲ್ಲ. ಅವುಗಳಿಗೆ ಪ್ರತಿಯಾಗಿ ಟಿಪ್ಪು ಕೊಟ್ಟಿದ್ದ ಭೂಮಿ ಚಿರಕ್ಕಲ್ ಅರಸನ ಸೀಮೆಯಲ್ಲಿತ್ತು. ಆ ಅರಸನಿಗೆ ಕಂಪನಿ ಮತ್ತೆ ಮನ್ನಣೆ ನೀಡಿದ್ದರಿಂದ ಪರಿಹಾರಕ್ಕೂ ಆಧಾರ ಉಳಿಯಲಿಲ್ಲ. ಬೀಬಿಯ ಮರಣಾನಂತರ, ಉತ್ತರಾಧಿಕಾರಿಯ ಕಾಲದಲ್ಲಿ, ಈ ನಷ್ಟಕ್ಕಾಗಿ ವಾರ್ಷಿಕ ಕಪ್ಪದ ಒಂದು ಭಾಗವನ್ನು ಮನ್ನಾ ಮಾಡಲಾಯಿತು.

ದಂಗೆ ಎದ್ದ ದ್ವೀಪವಾಸಿಗಳಿಗೆ ಇದರಿಂದ ಬಿಡುಗಡೆ ದೊರೆಯಿತೆಂದು ಹೇಳಲಾಗದು. ಹುರಿಯ ಏಕಸ್ವಾಮ್ಯವನ್ನು ಕಂಪನಿಯು ರದ್ದುಪಡಿಸದೆ ತಾನೇ ಮುಂದುವರಿಸಿತು. ಅಮಿನಿಯಲ್ಲಿ ಮೊನೆಗಾರನೆಂಬ ಅಧಿಕಾರಿ ಇದ್ದು ದ್ವೀಪಗಳ ಆಡಳಿತ ನೋಡಿಕೊಳ್ಳುತ್ತಿದ್ದನು. ಹುರಿ ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೆ ಬರುತ್ತಿತ್ತು. ಪ್ರತಿಯಾಗಿ ಅಕ್ಕಿ ಹೋಗುತ್ತಿತ್ತು. ಬಂಟ್ವಾಳದಿಂದ ನೇತ್ರಾವತಿಯಲ್ಲಿ ದೋಣಿಗಳ ಮೂಲಕ ಇಳಿದು ಬರುತ್ತಿದ್ದ ಸರಕೂ ಕಡಲಾಚೆ ಹೋಗುತ್ತಿದ್ದುದು ಇದೇ ಬಂದರಿನಿಂದ.

ಕೊನೆಯ ವರ್ಷಗಳು

1800–01ರಲ್ಲಿ ಮೈಸೂರು, ಮಲಬಾರು ಮತ್ತು ಕೆನರಾಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣ್ಣೂರಿನಲ್ಲಿ ಬೀಬಿಯು ಯುರೋಪಿಯನ್ನರಿಗೆ ನೀಡಿದ ಔತಣವನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಅಲ್ಲಿಂದ ಮುಂದೆ ಅವನು ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಾರ್ಗವಾಗಿ ಹೋದನು. ಸೈನಿಕ ಬಲವೆಲ್ಲ ಕಳೆದ ಮೇಲೂ ಆಕೆಯ ಮನೆತನ ತನ್ನ ಘನತೆಯನ್ನು ಕಾಯ್ದುಕೊಂಡಿತ್ತು. ಅದರ ಹಡಗುಗಳು ಅರಬ್ಬೀ ಸಮುದ್ರದಲ್ಲಿ ವ್ಯಾಪಾರ ನಡೆಸುತ್ತಲೇ ಇದ್ದವು. 1819ರಲ್ಲಿ ಜುನುಮ್ಮಾಬಿ ತೀರಿಕೊಂಡಳು. ಮರಿಯಾಂಬಿ ಪಟ್ಟಕ್ಕೆ ಬಂದಳು.

ಅನಂತರದ ಬೆಳವಣಿಗೆಗಳು

1847ರ ಚಂಡಮಾರುತ ದ್ವೀಪಗಳಿಗೆ ಭಾರಿ ಹಾನಿ ಮಾಡಿತು. ಕಪ್ಪ ಬಾಕಿ ಬೆಳೆಯಿತು. 1854ರಲ್ಲಿ ದಕ್ಷಿಣದ ದ್ವೀಪಗಳನ್ನು ಜಪ್ತಿ ಮಾಡಿದ ಬ್ರಿಟಿಷರು 1861ರಲ್ಲಿ ಹಿಂದಿರುಗಿಸಿ, 1875ರಲ್ಲಿ ಪುನಃ ವಶಕ್ಕೆ ತೆಗೆದುಕೊಂಡರು. ಅರಕ್ಕಲ್ ಮನೆತನವು 20ನೆಯ ಶತಮಾನದ ಮೊದಲ ದಶಕದಲ್ಲಿ ವಾರ್ಷಿಕ ಮಾಲಿಖಾನೆಗೆ ಪ್ರತಿಯಾಗಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಈ ದ್ವೀಪಗಳು ಮಲಬಾರು ಜಿಲ್ಲೆಯಡಿ ಇದ್ದವು.

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋದಾಗ ಅಮಿನ್‌ದಿವಿ ದಕ್ಷಿಣ ಕೆನರಾದೊಂದಿಗೆ ಮದರಾಸು ಪ್ರಾಂತದಲ್ಲಿ ಉಳಿಯಿತು. ಹೀಗೆ ಘಟ್ಟದ ಬುಡದ ಕೊಕ್ಕಡವೂ ಕಡಲ ನಡುವಿನ ಕಿಲ್ತಾನವೂ ಮಂಗಳೂರಿನ ಒಬ್ಬನೇ ಕಲೆಕ್ಟರನ ಆಡಳಿತದಲ್ಲಿದ್ದವು. ದ್ವೀಪದ ಆಡುಮಾತು ಮಾತ್ರ ಜೆಸರಿ ಎಂಬ ಮಲಯಾಳಂ ಪ್ರಭೇದವಾಗಿಯೇ ಮುಂದುವರಿಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ದ್ವೀಪಗಳನ್ನು ಎರಡಕ್ಕೂ ಕೊಡದೆ ಲಕ್ಕದಿವಿ, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು ಎಂಬ ಹೆಸರಿನ ಕೇಂದ್ರಾಡಳಿತ ಪ್ರದೇಶವನ್ನಾಗಿ ಮಾಡಲಾಯಿತು. 1787ರಲ್ಲಿ ಬೇರ್ಪಟ್ಟ ಐದು ದ್ವೀಪಗಳು 169 ವರ್ಷಗಳ ಬಳಿಕ ಮತ್ತೆ ಉಳಿದವುಗಳೊಂದಿಗೆ ಒಂದೇ ಆಡಳಿತಕ್ಕೆ ಬಂದವು. ಮೊದಲು ಕೋಝಿಕ್ಕೋಡಿನಲ್ಲಿದ್ದ ಆಡಳಿತ ಕೇಂದ್ರ 1964ರಲ್ಲಿ ಕವರತ್ತಿಗೆ ಸ್ಥಳಾಂತರಗೊಂಡಿತು. 1973ರಲ್ಲಿ ಪ್ರದೇಶಕ್ಕೆ ಲಕ್ಷದ್ವೀಪ ಎಂದು ಹೆಸರಿಡಲಾಯಿತು.